ಬಣ್ಣದ ಅಚ್ಚು: ಒಂದು ಕಳೆಯುವ ಲೆಕ್ಕ

ಬಣ್ಣದ ಚಿತ್ರವಿಲ್ಲದ ಗೋಡೆ ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದು ವಿರಳ. ಜಗಳೂರು ತಾಲ್ಲೂಕಿನ ನನ್ನ ಊರಾದ ಬಿಳಿಚೋಡಿನಲ್ಲಿ ಯಾವ ಮನೆಯ ಪಡಸಾಲೆಗೆ ಹೋದರೂ ಅಂಗಡಿಯವರು ಕೊಟ್ಟ ಕ್ಯಾಲೆಂಡರೊಂದು ತೂಗುತ್ತಿರುವುದು. ದೇವರ ಗೂಡಿನಲ್ಲಿ ಗಾಜು ಹಾಕಿಸಿದ ಪಟಗಳಿರುವುವು. ಬಿತ್ತನೆಯ ಕಾಲದಲ್ಲಿ ಮೆಕ್ಕೆಜೋಳದ ಬೀಜದ ಚೀಲಗಳ ಮೇಲೆ ಹೊಂಬಣ್ಣದ ತೆನೆಗಳು ಮೆರೆಯುವುವು. ಬಸ್ ನಿಲ್ದಾಣದ ಬಳಿ ಶುಭಾಶಯದ ಫ್ಲೆಕ್ಸ್‌ಗಳು ಆಳೆತ್ತರವನ್ನೂ ಮೀರಿ ನಿಂತಿರುವುವು. ಇವುಗಳಲ್ಲೆಲ್ಲ ಎಷ್ಟು ಬಣ್ಣಗಳಿವೆಯೆಂದು ಎಣಿಸಹೊರಟರೆ ಲೆಕ್ಕವೇ ಸಿಕ್ಕದು. ಆದರೆ ಇವನ್ನು ಅಚ್ಚು ಹಾಕಿದ ಯಂತ್ರಗಳಲ್ಲಿದ್ದ ಮಸಿಗಳು ಸಾಮಾನ್ಯವಾಗಿ ನಾಲ್ಕೇ ನಾಲ್ಕು.

ನಾಲ್ಕು ಮಸಿಗಳಿಂದ ಲೆಕ್ಕವಿಲ್ಲದಷ್ಟು ಬಣ್ಣಗಳು ಹೇಗೆ ಹುಟ್ಟಿದವು? ಈ ಪ್ರಶ್ನೆ ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಸಂಬಂಧಿಸಿದ್ದಲ್ಲವೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ನಾವು ಓದುವ ಇತಿಹಾಸದ ಪುಸ್ತಕದಲ್ಲಿ ಅಜಂತೆಯ ಚಿತ್ರವನ್ನು ನೋಡುತ್ತೇವೆ. ಕೃಷಿ ಇಲಾಖೆಯ ಕರಪತ್ರದಲ್ಲಿ ರೋಗ ಬಿದ್ದ ಎಲೆಯನ್ನು ನೋಡುತ್ತೇವೆ. ಅಂಗಡಿಯಲ್ಲಿ ಕೈಗೆ ಬಂದ ನೋಟು ಸಾಚಾವೋ ಖೋಟಾವೋ ಎಂದು ನೋಡುತ್ತೇವೆ. ಮೂರು ಕಡೆಯೂ ಅಚ್ಚಿನ ಬಣ್ಣದ ಮಾತನ್ನು ನಂಬಿ ತೀರ್ಮಾನಕ್ಕೆ ಬರುತ್ತೇವೆ. ಆ ಮಾತನ್ನು ಎಲ್ಲಿಯವರೆಗೆ ನಂಬಬಹುದೆಂಬುದನ್ನು ತಿಳಿಯಬೇಕಾದರೆ ಅದು ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಈ ಲೇಖನದ ಉದ್ದೇಶ ಇಷ್ಟೇ.

ಬಣ್ಣ ಇರುವುದೆಲ್ಲಿ?

ಕುಂಕುಮ ಕೆಂಪು, ಅರಿಶಿನ ಹಳದಿ ಎನ್ನುವಾಗ ಬಣ್ಣವು ಆ ವಸ್ತುವಿನಲ್ಲಿಯೇ ಅಡಗಿದೆಯೆಂದು ನಾವು ಭಾವಿಸುತ್ತೇವೆ. ಆದರೆ ಕತ್ತಲೆಯ ಕೋಣೆಯಲ್ಲಿ ಕುಂಕುಮವೂ ಇಲ್ಲ, ಅರಿಶಿನವೂ ಇಲ್ಲ; ಎಲ್ಲವೂ ಕಪ್ಪೇ. ಸೂರ್ಯನ ಬಿಳಿಯ ಬೆಳಕಿನಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಬೆರೆತಿವೆಯೆಂಬುದನ್ನು ನ್ಯೂಟನ್ ಮಹಾಶಯನು ಗಾಜಿನ ಪಟ್ಟಕದ ಮೂಲಕ ಪರೀಕ್ಷಿಸಿ, 1704ರಲ್ಲಿ ಪ್ರಕಟಿಸಿದ ತನ್ನ ಬೆಳಕಿನ ಶಾಸ್ತ್ರದ ಗ್ರಂಥದಲ್ಲಿ ವಿವರಿಸಿದನು. ಕುಂಕುಮದ ಮೇಲೆ ಈ ಬೆಳಕು ಬಿದ್ದಾಗ ಅದು ನೀಲಿ ಹಸುರುಗಳ ಪಾಲನ್ನು ಹೀರಿಕೊಂಡು ಕೆಂಪಿನ ಪಾಲನ್ನು ಹಿಂದಕ್ಕೆ ಕಳುಹಿಸುವುದು. ಆದುದರಿಂದ ವಸ್ತುವಿನ ಬಣ್ಣವೆಂದರೆ ಅದು ಇಟ್ಟುಕೊಂಡದ್ದಲ್ಲ, ಇಟ್ಟುಕೊಳ್ಳದೆ ಬಿಟ್ಟುಕೊಟ್ಟದ್ದು.

ಹೀಗೆ ಬಿಟ್ಟುಕೊಟ್ಟ ಬೆಳಕು ನಮ್ಮ ಕಣ್ಣನ್ನು ಸೇರುವುದು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ ಇವೆ. ಸಂಖ್ಯೆ ಇಷ್ಟಿದ್ದರೂ ಅವುಗಳಲ್ಲಿ ಬಗೆ ಮೂರೇ: ಕೆಂಪಿನ ಕಡೆಯ ಬೆಳಕಿಗೆ ಹೆಚ್ಚು ಸ್ಪಂದಿಸುವುವು, ಹಸುರಿಗೆ ಸ್ಪಂದಿಸುವುವು, ನೀಲಿಗೆ ಸ್ಪಂದಿಸುವುವು. ಈ ಮೂರರ ವರದಿಯನ್ನು ಕೂಡಿಸಿ ನೋಡಿ ಮಿದುಳು ಇದು ಇಂಥ ಬಣ್ಣವೆಂದು ತೀರ್ಪು ಕೊಡುವುದು. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿರಬೇಕೆಂದು 19ನೆಯ ಶತಮಾನದ ಆದಿಯಲ್ಲಿಯೇ ತಾಮಸ್ ಯಂಗ್ ಎಂಬ ಇಂಗ್ಲಿಷ್ ವಿದ್ವಾಂಸನು ಊಹಿಸಿದ್ದನು. 1861ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದನು. ಬಣ್ಣಬಣ್ಣದ ಪಟ್ಟಿಯೊಂದನ್ನು ಕೆಂಪು, ಹಸುರು, ನೀಲಿ ಸೋಸುಗಗಳ ಮೂಲಕ ಬೇರೆ ಬೇರೆಯಾಗಿ ಛಾಯಾಚಿತ್ರ ತೆಗೆಸಿ, ಆ ಮೂರು ಚಿತ್ರಗಳನ್ನು ಅವೇ ಬಣ್ಣಗಳ ಬೆಳಕಿನಲ್ಲಿ ಒಂದೇ ತೆರೆಯ ಮೇಲೆ ಬೀಳಿಸಿದಾಗ ಪಟ್ಟಿಯು ತನ್ನ ಬಣ್ಣಗಳೊಡನೆ ಮೂಡಿ ಬಂದಿತು.

ಬಣ್ಣದ ಮುದ್ರಣದ ಸಾಧ್ಯತೆಯೆಲ್ಲ ಈ ಒಂದು ಸತ್ಯದ ಮೇಲೆ ನಿಂತಿದೆ. ವಸ್ತುವು ಕಳುಹಿಸುವ ಬೆಳಕನ್ನು ಇದ್ದಂತೆಯೇ ಕಾಗದದ ಮೇಲೆ ಹುಟ್ಟಿಸಬೇಕಾಗಿದ್ದರೆ ಲೆಕ್ಕವಿಲ್ಲದಷ್ಟು ಮಸಿಗಳು ಬೇಕಾಗುತ್ತಿದ್ದುವು. ಕಣ್ಣು ಕೇಳುವುದು ಮೂರೇ ಅಂಶಗಳನ್ನಾದುದರಿಂದ ಆ ಮೂರನ್ನು ಹಿಡಿತದಲ್ಲಿಟ್ಟುಕೊಂಡರೆ ಕೆಲಸ ನಡೆಯುವುದು. ಅಚ್ಚಿನ ಚಿತ್ರವು ವಸ್ತುವಿನ ನಕಲಲ್ಲ. ಕಣ್ಣಿಗೆ ಕೊಡುವ ಉತ್ತರ.

ಕೂಡುವ ಬೆಳಕು, ಕಳೆಯುವ ಮಸಿ

ಮೊಬೈಲ್ ಫೋನಿನ ಬಿಳಿಯ ತೆರೆಯ ಮೇಲೆ ಒಂದು ಸಣ್ಣ ನೀರಿನ ಹನಿಯನ್ನಿಟ್ಟು ನೋಡಿರಿ. ಹನಿಯು ಭೂತಗನ್ನಡಿಯಂತೆ ವರ್ತಿಸಿ, ಬಿಳಿಯೆಂದು ಕಂಡ ಕಡೆಯಲ್ಲಿ ಕೆಂಪು, ಹಸುರು, ನೀಲಿಯ ಕಣಗಳು ಮಿನುಗುವುವು. ಅಲ್ಲಿ ಕತ್ತಲೆಯೇ ಮೂಲಧನ. ಅದಕ್ಕೆ ಬೆಳಕನ್ನು ಕೂಡುತ್ತ ಹೋದಂತೆ ಬಣ್ಣ ಹುಟ್ಟುವುದು. ಮೂರೂ ಪೂರ್ಣವಾಗಿ ಕೂಡಿದರೆ ಬಿಳಿ.

ಕಾಗದದ ಮೇಲೆ ಲೆಕ್ಕ ತಿರುವುಮುರುವು. ಕಾಗದವು ತಾನಾಗಿ ಬೆಳಗದು. ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುವುದಷ್ಟೇ ಅದರ ಕೆಲಸ. ಅಲ್ಲಿ ಬಿಳಿಯೇ ಮೂಲಧನ. ಮಸಿಯು ಅದರಿಂದ ಕಳೆಯುತ್ತ ಹೋಗುವುದು. ನನ್ನ ಊರಿನ ಹೆಸರು ‘ಬಿಳಿ’ ಎಂದೇ ಆರಂಭವಾಗುವಂತೆ, ಬಣ್ಣದ ಅಚ್ಚೂ ಬಿಳಿಯಿಂದಲೇ ಆರಂಭವಾಗುವುದು. ನಾಲ್ಕು ಮಸಿಗಳಲ್ಲಿ ಬಿಳಿಯ ಮಸಿ ಎಂಬುದಿಲ್ಲ. ಚಿತ್ರದಲ್ಲಿ ಕಾಣುವ ಮಲ್ಲಿಗೆಯ ಹೂ, ಬಸವಣ್ಣನ ಮೈ, ನಗುವ ಮಗುವಿನ ಹಲ್ಲು ಇವೆಲ್ಲ ಮಸಿ ತಾಗದೆ ಉಳಿದ ಕಾಗದ.

ಕಳೆಯುವ ಕೆಲಸಕ್ಕೆ ಮೂರು ಮಸಿಗಳು ಗೊತ್ತಾಗಿವೆ. ಒಂದನೆಯದು ಸಯಾನ್, ಅಂದರೆ ಹಸುರು ಬೆರೆತ ತಿಳಿನೀಲಿ. ಇದು ಕೆಂಪು ಬೆಳಕನ್ನು ಹೀರುವುದು. ಎರಡನೆಯದು ಮೆಜೆಂಟಾ, ಅಂದರೆ ಗಾಢವಾದ ಗುಲಾಬಿ ಕೆಂಪು. ಇದು ಹಸುರು ಬೆಳಕನ್ನು ಹೀರುವುದು. ಮೂರನೆಯದು ಹಳದಿ, ಇದು ನೀಲಿ ಬೆಳಕನ್ನು ಹೀರುವುದು. ಹಳದಿಯ ಮೇಲೆ ಮೆಜೆಂಟಾ ಬಿದ್ದರೆ ನೀಲಿಯೂ ಹೋಯಿತು, ಹಸುರೂ ಹೋಯಿತು, ಉಳಿದದ್ದು ಕೆಂಪು. ಅದೇ ಕುಂಕುಮ. ಹಳದಿಯ ಮೇಲೆ ಸಯಾನ್ ಬಿದ್ದರೆ ನೀಲಿಯೂ ಕೆಂಪೂ ಹೋಗಿ ಹಸುರು ಉಳಿಯುವುದು. ಅದೇ ಬಾಳೆಯೆಲೆ. ಸಯಾನ್ ಮತ್ತು ಮೆಜೆಂಟಾ ಕೂಡಿದರೆ ಕೆಂಪೂ ಹಸುರೂ ಹೋಗಿ ಕಡುನೀಲಿ ಉಳಿಯುವುದು. ಹೀಗೆ ಅಚ್ಚಿನ ಪ್ರತಿಯೊಂದು ಬಣ್ಣವೂ ಒಂದು ಶೇಷ.

ಮಸಿಗಳು ಹೀಗೆ ಕೂಡಿ ಕೆಲಸ ಮಾಡಬೇಕಾದರೆ ಅವು ಗೋಡೆಗೆ ಬಳಿಯುವ ಸುಣ್ಣದಂತೆ ಮುಚ್ಚುವಂಥವಾಗಿರಬಾರದು. ಬಣ್ಣದ ಗಾಜಿನಂತೆ ಪಾರದರ್ಶಕವಾಗಿರಬೇಕು. ಬೆಳಕು ಮೇಲಿನ ಪದರವನ್ನು ದಾಟಿ, ಕೆಳಗಿನ ಪದರವನ್ನೂ ದಾಟಿ, ಕಾಗದವನ್ನು ಮುಟ್ಟಿ, ಮತ್ತೆ ಅದೇ ದಾರಿಯಲ್ಲಿ ಹಿಂದಿರುಗಬೇಕು. ಇಂದಿನ ಆಫ್‌ಸೆಟ್ ಯಂತ್ರದಲ್ಲಿ ಇಂಥ ಒಂದು ಪದರದ ದಪ್ಪ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿರುವುದು.

ಇಲ್ಲೊಂದು ಸಂದೇಹವನ್ನು ಪರಿಹರಿಸಬೇಕು. ಎರಡು ಬಣ್ಣ ಸೇರಿ ಮೂರನೆಯದಾಗುವುದಕ್ಕೆ ನಮ್ಮ ಮನೆಗಳಲ್ಲಿ ಆರತಿಯ ನೀರನ್ನು ಉದಾಹರಿಸುವುದುಂಟು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುವುದು. ಆದರೆ ಅದು ಬೇರೆಯ ಮಾತು. ಸುಣ್ಣದ ಕ್ಷಾರದಿಂದ ಅರಿಶಿನದ ಬಣ್ಣದ ಅಂಶವೇ ರಾಸಾಯನಿಕವಾಗಿ ಬದಲಾಗುವುದು. ಅಚ್ಚಿನಲ್ಲಿ ಯಾವ ಮಸಿಯೂ ತನ್ನ ಗುಣವನ್ನು ಬಿಡುವುದಿಲ್ಲ. ಬದಲಾಗುವುದು ಹಿಂದಿರುಗುವ ಬೆಳಕು ಮಾತ್ರ.

ಮೂರೂ ಸೇರಿದರೆ ಎಲ್ಲ ಬೆಳಕೂ ಕಳೆದು ಕಪ್ಪು ಬರಬೇಕಷ್ಟೆ? ಶಾಸ್ತ್ರದಲ್ಲಿ ಸರಿ, ವ್ಯವಹಾರದಲ್ಲಿ ಅಲ್ಲ. ಸಯಾನ್ ಮಸಿಯು ಕೆಂಪಿನ ಜೊತೆಗೆ ಹಸುರು ನೀಲಿಗಳನ್ನೂ ಸ್ವಲ್ಪ ನುಂಗುವುದು. ಮೆಜೆಂಟಾ ಹಸುರಿನ ಜೊತೆಗೆ ನೀಲಿಯನ್ನೂ ನುಂಗುವುದು. ಆದ ಕಾರಣ ಮೂರನ್ನೂ ಸಮವಾಗಿ ಹಾಕಿದರೆ ಕಪ್ಪಿಗೆ ಬದಲು ಕೆಸರಿನಂಥ ಕಂದು ಬರುವುದು. ನಿಜವಾದ ಬೂದುಬಣ್ಣ ಬೇಕಾದರೆ ನೂರಕ್ಕೆ 50ರಷ್ಟು ಸಯಾನಿಗೆ ಮೆಜೆಂಟಾ, ಹಳದಿಗಳನ್ನು 40ರ ಸುಮಾರಿಗೆ ಇಳಿಸಬೇಕಾಗುವುದು. ಇದಕ್ಕಾಗಿಯೇ ನಾಲ್ಕನೆಯ ಮಸಿಯಾಗಿ ಕಪ್ಪು ಬಂದಿತು. ಅದರಿಂದ ಬೇರೆ ಲಾಭಗಳೂ ಉಂಟು: ನೆರಳುಗಳು ಗಟ್ಟಿಯಾಗುವುವು, ಬೆಲೆಬಾಳುವ ಬಣ್ಣದ ಮಸಿ ಉಳಿಯುವುದು, ಕಾಗದ ಬೇಗ ಒಣಗುವುದು, ಸಣ್ಣ ಅಕ್ಷರಗಳನ್ನು ಮೂರು ಸಾರಿ ಒಂದರ ಮೇಲೊಂದು ಕೂರಿಸುವ ಕಷ್ಟ ತಪ್ಪುವುದು.

ಚುಕ್ಕೆಯ ಉಪಾಯ

ಇಷ್ಟರಿಂದಲೇ ಸಮಸ್ಯೆ ಮುಗಿಯಲಿಲ್ಲ. ಚಿತ್ರಕಾರನು ಬಣ್ಣಕ್ಕೆ ನೀರು ಬೆರೆಸಿ ತೆಳುವಾಗಿಸಬಲ್ಲನು. ಅಚ್ಚಿನ ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಬಲ್ಲದ್ದು ಎರಡೇ ಮಾತು: ಇಲ್ಲಿ ಮಸಿ ಇದೆ, ಇಲ್ಲಿ ಮಸಿ ಇಲ್ಲ. ಹಾಗಾದರೆ ಬೆಳಗಿನ ಆಕಾಶದ ತಿಳಿನೀಲಿ ಬರುವುದೆಂತು?

ಇದಕ್ಕೆ ಕಂಡುಕೊಂಡ ಉಪಾಯ ಚುಕ್ಕೆ. ಕಡುಬಣ್ಣ ಬೇಕಾದಲ್ಲಿ ದಪ್ಪ ಚುಕ್ಕೆಗಳನ್ನೂ ತಿಳಿಬಣ್ಣ ಬೇಕಾದಲ್ಲಿ ಸಣ್ಣ ಚುಕ್ಕೆಗಳನ್ನೂ ಒಂದೇ ಅಂತರದಲ್ಲಿ ಇಟ್ಟರೆ, ದೂರದಿಂದ ನೋಡುವ ಕಣ್ಣು ಚುಕ್ಕೆಯನ್ನೂ ನಡುವಿನ ಬಿಳಿಯನ್ನೂ ಬೆರೆಸಿಕೊಂಡು ನಯವಾದ ಛಾಯೆಯನ್ನೇ ಕಾಣುವುದು. ಎರಡು ಬಣ್ಣದ ನೂಲಿನಲ್ಲಿ ನೇಯ್ದ ಬಟ್ಟೆಯನ್ನು ನೋಡಿದವರಿಗೆ ಇದು ಹೊಸದಲ್ಲ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ. ಎಳೆಗಳು ಬೆರೆಯದಿದ್ದರೂ ನಾಲ್ಕು ಮಾರು ದೂರದಿಂದ ಮೂರನೆಯ ಬಣ್ಣವೇ ಕಾಣುವುದು.

ಕಣ್ಣಿನ ಈ ಮಿತಿಗೆ ಅಳತೆಯುಂಟು. ಆರೋಗ್ಯವಂತವಾದ ಕಣ್ಣು ಪುಸ್ತಕವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡುವಾಗ ಮಿಲಿಮೀಟರಿನ ಹತ್ತರ ಒಂದು ಪಾಲಿಗಿಂತ ತುಸು ಚಿಕ್ಕದಾದುದನ್ನು ಬೇರೆಯಾಗಿ ಗುರುತಿಸಲಾರದು. ಒಳ್ಳೆಯ ಪುಸ್ತಕದಲ್ಲಿ ಅಂಗುಲಕ್ಕೆ 150 ಸಾಲು ಚುಕ್ಕೆಗಳಿರುವುವು. ಅಂದರೆ ಒಂದು ಚುಕ್ಕೆಯ ನಡುವಿನಿಂದ ಮುಂದಿನ ಚುಕ್ಕೆಯ ನಡುವಿಗೆ 0.17 ಮಿಲಿಮೀಟರು, ಮಸಿಯೂ ಬಿಳಿಯೂ ಸಮಪಾಲು ಮಾಡಿಕೊಂಡರೆ ಒಂದೊಂದಕ್ಕೆ ಸುಮಾರು 0.085. ಕಣ್ಣಿನ ಮಿತಿಯ ಹೊಸ್ತಿಲಲ್ಲಿಯೇ ಈ ಲೆಕ್ಕ ನಿಂತಿದೆ. ಮಸಿಯನ್ನು ಬೇಗ ಹೀರುವ ದಿನಪತ್ರಿಕೆಯ ಕಾಗದಕ್ಕೆ ಅಂಗುಲಕ್ಕೆ 100 ಸಾಲಿನ ಆಸುಪಾಸಿನಲ್ಲಿರುವ ಒರಟು ಚುಕ್ಕೆಗಳು ಸಾಕಾಗುವುವು. ಫ್ಲೆಕ್ಸ್ ಹಲಗೆಯನ್ನು 10 ಮೀಟರ್ ದೂರದಿಂದ ನೋಡುವುದರಿಂದ ಅಲ್ಲಿ ಸುಮಾರು 3 ಮಿಲಿಮೀಟರಿಗಿಂತ ಚಿಕ್ಕದಾದುದನ್ನು ಕಣ್ಣು ಪ್ರಶ್ನಿಸುವುದಿಲ್ಲ. ಹತ್ತಿರ ಹೋದರೆ ನಾಯಕರ ಮುಖ ಕರಗಿ ಬರಿಯ ಚುಕ್ಕೆಗಳಾಗುವುದು ಇದರಿಂದಲೇ.

ನಾಲ್ಕು ಮಸಿಗಳ ಚುಕ್ಕೆಗಳು ಕೂಡಿದಾಗ ಕಾಗದದ ಯಾವುದೇ ಸಣ್ಣ ತುಣುಕಿನಲ್ಲಿ ಒಂದೊಂದು ಮಸಿಯೂ ಇರಬಹುದು ಅಥವಾ ಇಲ್ಲದಿರಬಹುದು. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ಬರಿಯ ಕಾಗದದಿಂದ ಹಿಡಿದು ನಾಲ್ಕೂ ಬಿದ್ದ ಕಡುಗಪ್ಪಿನವರೆಗೆ ಹದಿನಾರೇ ಬಗೆಯ ತುಣುಕುಗಳು. ನಾವು ಕ್ಯಾಲೆಂಡರಿನಲ್ಲಿ ಕಾಣುವ ಬಣ್ಣದ ಲೋಕವೆಲ್ಲ ಈ ಹದಿನಾರು ತುಣುಕುಗಳ ಹೆಚ್ಚು ಕಡಿಮೆಯ ಹಂಚಿಕೆ.

ನಮ್ಮ ತಾಲ್ಲೂಕಿನದೇ ಒಂದು ಉದಾಹರಣೆಯನ್ನು ಕೊಡುವೆನು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅರಣ್ಯವು 2011ರಲ್ಲಿ ಕೊಂಡುಕುರಿಯ ವನ್ಯಧಾಮವೆಂದು ಘೋಷಿತವಾಯಿತು. ಕೊಂಡುಕುರಿಯ ಮೈ ಕಂದು. ಹೊಟ್ಟೆಯ ಭಾಗ ಬಿಳುಪು. ಅದರ ಚಿತ್ರವನ್ನು ಅಚ್ಚು ಹಾಕುವಾಗ ಕಂದು ಮಸಿ ಎಲ್ಲಿಯೂ ಇರುವುದಿಲ್ಲ. ಹಳದಿಯ ಚುಕ್ಕೆಗಳು ದಪ್ಪ, ಮೆಜೆಂಟಾ ಅದಕ್ಕಿಂತ ಚಿಕ್ಕದು, ಸಯಾನ್ ಇನ್ನೂ ಚಿಕ್ಕದು, ನೆರಳಿರುವಲ್ಲಿ ಕಪ್ಪು; ಹೊಟ್ಟೆಯ ಬಳಿ ಎಲ್ಲವೂ ಕ್ಷೀಣಿಸಿ ಕಾಗದವೇ ಉಳಿಯುವುದು. ನಾಲ್ಕು ಕೊಂಬಿನ ಪ್ರಾಣಿ ನಾಲ್ಕು ಮಸಿಯಲ್ಲಿ ಹೀಗೆ ಮೂಡುವುದು.

ಕಲ್ಲಚ್ಚಿನಿಂದ ಇಲ್ಲಿಯವರೆಗೆ

ಈ ವಿದ್ಯೆ ಒಮ್ಮೆಗೇ ಬಂದುದಲ್ಲ. ಮೂರು ಬಣ್ಣಗಳಿಂದ ಎಲ್ಲ ಬಣ್ಣಗಳನ್ನೂ ಮುದ್ರಿಸಬಹುದೆಂಬುದನ್ನು 18ನೆಯ ಶತಮಾನದ ಆದಿಯಲ್ಲಿಯೇ ಜೇಕಬ್ ಕ್ರಿಸ್ಟಾಫ್ ಲ ಬ್ಲಾನ್ ಎಂಬ ಚಿತ್ರಕಾರನು ಕೆಂಪು, ಹಳದಿ, ನೀಲಿಯ ತಾಮ್ರದ ತಗಡುಗಳಿಂದ ಮಾಡಿ ತೋರಿಸಿದ್ದನು. ಆದರೆ ಯಾವ ತಗಡಿನಲ್ಲಿ ಎಷ್ಟು ಎಂಬುದನ್ನು ಕಣ್ಣಂದಾಜಿನಿಂದ ಕೆತ್ತಬೇಕಾಗಿದ್ದಿತು. ಆ ಅಂದಾಜಿನ ಕೆಲಸವನ್ನು ಛಾಯಾಚಿತ್ರವು ವಹಿಸಿಕೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ.

ನಮ್ಮ ನಾಡಿನಲ್ಲಿ ಕಲ್ಲಚ್ಚು ಮೊದಲು ನೆಲೆಯೂರಿದ ಸ್ಥಳಗಳಲ್ಲಿ ಮಂಗಳೂರು ಮುಖ್ಯವಾದುದು. ಅಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಕನ್ನಡದ ಮೊದಲ ಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿಯೇ ಹೊರಬಂದಿತು. ಎಣ್ಣೆಗೂ ನೀರಿಗೂ ಕೂಡದೆಂಬುದೇ ಕಲ್ಲಚ್ಚಿನ ತತ್ವ. ಜಿಡ್ಡಿನ ಮಸಿಯಿಂದ ಬರೆದ ಕಲ್ಲನ್ನು ತೇವಗೊಳಿಸಿದರೆ ಬರೆದ ಕಡೆ ನೀರು ನಿಲ್ಲದು, ನೀರು ನಿಂತ ಕಡೆ ಮಸಿ ಹತ್ತದು.

ಈ ಕಲ್ಲಚ್ಚಿಗೆ ಬಣ್ಣವನ್ನು ಕೂಡಿಸಿ ಭಾರತದ ಮನೆಮನೆಗೂ ದೇವರ ಪಟಗಳನ್ನು ಮುಟ್ಟಿಸಿದ ಕೀರ್ತಿ ರಾಜಾ ರವಿವರ್ಮರದು. ಅವರ ಮುದ್ರಣಾಲಯವು 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಲೋಣಾವಳದ ಸಮೀಪಕ್ಕೆ ಹೋಯಿತು. ಅವರ ಮೂಲ ತೈಲಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕಾಣಬಹುದು. ಆ ಕಾಲದ ಬಣ್ಣದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕಾಗಿದ್ದಿತು. ಮೈಬಣ್ಣಕ್ಕೊಂದು, ಸೀರೆಯ ಅಂಚಿಗೊಂದು, ಆಕಾಶಕ್ಕೊಂದು. ಒಂದು ಪಟಕ್ಕೆ ಹತ್ತಕ್ಕೂ ಹೆಚ್ಚು ಕಲ್ಲುಗಳಾಗುವುದು ಸಾಮಾನ್ಯವಾಗಿದ್ದಿತು.

ಕಲ್ಲುಗಳ ಈ ಹೊರೆಯನ್ನು ಇಳಿಸಿದುದು ಛಾಯಾಚಿತ್ರದಿಂದ ಚುಕ್ಕೆಯನ್ನು ಮಾಡುವ ಹಾಫ್‌ಟೋನ್ ವಿದ್ಯೆ. ಅದು ಯೂರೋಪು ಅಮೆರಿಕಗಳಲ್ಲಿ 1880ರ ದಶಕದಿಂದ ಬೆಳೆಯಿತು. ಅದಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವರಲ್ಲಿ ಒಬ್ಬ ಭಾರತೀಯರೂ ಇದ್ದರೆಂಬುದು ನಾವು ಅಭಿಮಾನಪಡತಕ್ಕ ಸಂಗತಿ. ಕಲ್ಕತ್ತೆಯ ಉಪೇಂದ್ರಕಿಶೋರ ರಾಯಚೌಧುರಿಯವರು ಮಕ್ಕಳ ಪುಸ್ತಕಗಳಿಗೆ ತಾವು ಬರೆದ ಚಿತ್ರಗಳು ಅಚ್ಚಿನಲ್ಲಿ ಕೆಟ್ಟುಹೋದುದನ್ನು ನೋಡಿ, ಉಪಕರಣಗಳನ್ನು ವಿಲಾಯಿತಿಯಿಂದ ತರಿಸಿ, ಚುಕ್ಕೆಯ ಗಣಿತವನ್ನು ಸ್ವತಃ ಪರಿಶೋಧಿಸಿದರು. ಅವರ ಲೇಖನಗಳು ಇಂಗ್ಲೆಂಡಿನ ಮುದ್ರಣಶಾಸ್ತ್ರದ ವಾರ್ಷಿಕ ಸಂಪುಟದಲ್ಲಿ ಪ್ರಕಟವಾದುವು. ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರ ಮೊಮ್ಮಗ.

ಕ್ಯಾಲೆಂಡರ್ ಚಿತ್ರಗಳ ಕಾಲದಲ್ಲಿ ಕಲಬುರಗಿಯ ಎಸ್. ಎಂ. ಪಂಡಿತರು (1916-1993) ಬರೆದ ಪುರಾಣದ ಚಿತ್ರಗಳು ಚುಕ್ಕೆಗಳಾಗಿ ಭಾರತದಾದ್ಯಂತ ಗೋಡೆಗಳನ್ನೇರಿದುವು. 1941ರಲ್ಲಿ ಆರಂಭವಾದ ಮಣಿಪಾಲದ ಮುದ್ರಣಾಲಯದ ಪರಂಪರೆಯಲ್ಲಿ 1970ರಲ್ಲಿ ‘ಉದಯವಾಣಿ’ ದಿನಪತ್ರಿಕೆಯೂ 1983ರಲ್ಲಿ ‘ತರಂಗ’ ವಾರಪತ್ರಿಕೆಯೂ ಹುಟ್ಟಿ, ಅಚ್ಚಿನ ಅಂದದ ಬಗ್ಗೆ ಕನ್ನಡಿಗರ ನಿರೀಕ್ಷೆಯನ್ನು ಹೆಚ್ಚಿಸಿದುವು.

ಯಂತ್ರದ ಮುಂದೆ

ದಾವಣಗೆರೆಯ ಮುದ್ರಣಾಲಯವೊಂದರಲ್ಲಿ ಆಫ್‌ಸೆಟ್ ಯಂತ್ರವು ಓಡುವುದನ್ನು ಒಂದು ಮಧ್ಯಾಹ್ನ ನಿಂತು ನೋಡುವ ಅವಕಾಶ ನನಗೆ ದೊರೆಯಿತು. ಕಲ್ಲಚ್ಚಿನ ಎಣ್ಣೆ ನೀರಿನ ತತ್ವವೇ ಇಲ್ಲಿಯೂ ನಡೆಯುವುದು. ಕಲ್ಲಿನ ಸ್ಥಳದಲ್ಲಿ ತೆಳುವಾದ ಅಲ್ಯುಮಿನಿಯಂ ಪ್ಲೇಟು ಬಂದಿದೆ. ಒಂದೊಂದು ಮಸಿಗೂ ಒಂದೊಂದು ಪ್ಲೇಟು. ಪ್ಲೇಟು ನೇರವಾಗಿ ಕಾಗದವನ್ನು ಮುಟ್ಟುವುದಿಲ್ಲ. ಮೊದಲು ರಬ್ಬರಿನ ಹೊದಿಕೆಗೆ ಮಸಿಯನ್ನು ದಾಟಿಸುವುದು, ರಬ್ಬರು ಕಾಗದಕ್ಕೆ ದಾಟಿಸುವುದು. ಕಾಗದವು ಕಪ್ಪು, ಸಯಾನ್, ಮೆಜೆಂಟಾ, ಹಳದಿ ಎಂಬ ಅನುಕ್ರಮದಲ್ಲಿ ನಾಲ್ಕು ಘಟಕಗಳನ್ನು ಹಾದು ಹೊರಬೀಳುತ್ತಿದ್ದಿತು. ಮೊದಲ ಘಟಕದ ನಂತರ ಅದು ಬರಿಯ ನೆರಳು. ಕೊನೆಯದನ್ನು ದಾಟುವಷ್ಟರಲ್ಲಿ ಲಗ್ನದ ಮಂಟಪ.

ಯಂತ್ರದವರ ಕಣ್ಣು ಚಿತ್ರದ ಮೇಲೆ ಇರಲಿಲ್ಲ. ಕಾಗದದ ಅಂಚಿನಲ್ಲಿದ್ದ ಕೂಡುಗೆರೆಯ ಗುರುತುಗಳ ಮೇಲೆ ಇದ್ದಿತು. ನಾಲ್ಕು ಮಸಿಗಳ ಗುರುತುಗಳು ಒಂದರ ಮೇಲೊಂದು ಸರಿಯಾಗಿ ಕುಳಿತರೆ ಚಿತ್ರವೂ ಸರಿ. ಕೂದಲೆಳೆಯಷ್ಟು ತಪ್ಪಿದರೂ ತುಟಿಯ ಕೆಂಪು ತುಟಿಯನ್ನು ಬಿಟ್ಟು ಕೆನ್ನೆಗೆ ಹೋಗುವುದು, ಅಕ್ಷರದ ಬದಿಗೆ ಬಣ್ಣದ ನೆರಳು ಮೂಡುವುದು. ದಿನಪತ್ರಿಕೆಯ ಪುಟದ ಅಂಚಿನಲ್ಲಿ ನಾಲ್ಕು ಬಣ್ಣದ ಸಣ್ಣ ಗುರುತುಗಳನ್ನು ಕಂಡವರು ಅನೇಕರಿರಬಹುದು. ಅವು ಅಲಂಕಾರವಲ್ಲ, ಇದೇ ಪರೀಕ್ಷೆಯ ಕುರುಹುಗಳು.

ಚುಕ್ಕೆಗಳ ಸಾಲುಗಳನ್ನು ಓರೆಯಾಗಿ ಇಡುವುದೂ ಒಂದು ಕಟ್ಟುನಿಟ್ಟಾದ ನಿಯಮ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದರೆ ನಡುವೆ ಅಲೆಯಂಥ ನೆರಳುಗಳು ತೋರುವುದುಂಟಷ್ಟೆ. ನಾಲ್ಕು ಜಾಲರಿಗಳು ಕೂಡುವಲ್ಲಿಯೂ ಅದೇ ಅಪಾಯ. ಆದುದರಿಂದ ಕಪ್ಪನ್ನು 45 ಅಂಶ, ಸಯಾನನ್ನು 15, ಮೆಜೆಂಟಾವನ್ನು 75 ಎಂದು 30 ಅಂಶಗಳ ಅಂತರದಲ್ಲಿಡುವರು. ಕಣ್ಣಿಗೆ ಅತಿ ಮಂದವಾಗಿ ಕಾಣುವ ಹಳದಿಗೆ ಸೊನ್ನೆಯ ಕೋನ ಸಾಕು. ಭೂತಗನ್ನಡಿಯಲ್ಲಿ ಅಚ್ಚನ್ನು ನೋಡಿದರೆ ಚುಕ್ಕೆಗಳು ಸಣ್ಣ ಸಣ್ಣ ಹೂವಿನಂಥ ಬಳೆಗಳಾಗಿ ಕೂಡಿರುವುದು ಈ ಕೋನಗಳ ಫಲವೇ.

ಕಾಗದದ ಗುಣವನ್ನೂ ಮರೆಯುವಂತಿಲ್ಲ. ಒದ್ದೆ ಬಟ್ಟೆಯ ಮೇಲೆ ಬಿದ್ದ ಹನಿಯಂತೆ ಮಸಿಯ ಚುಕ್ಕೆ ಹರಡಿಕೊಳ್ಳುವುದು. ನೂರಕ್ಕೆ 50 ಭಾಗವನ್ನು ಮುಚ್ಚಬೇಕೆಂದು ಇಟ್ಟ ಚುಕ್ಕೆ ದಿನಪತ್ರಿಕೆಯ ಕಾಗದದಲ್ಲಿ 70ಕ್ಕೂ ಹೆಚ್ಚಾಗಿ ಕಾಣಬಹುದು. ಇದನ್ನು ಮೊದಲೇ ಎಣಿಸಿ ಚುಕ್ಕೆಯನ್ನು ಚಿಕ್ಕದಾಗಿಡದಿದ್ದರೆ ಎಲ್ಲರ ಮುಖವೂ ಮಸಿ ಹಿಡಿಯುವುದು.

ಅಚ್ಚಿನ ಬಣ್ಣಕ್ಕೆ ನಿಲುಕದವು

ಮೂರು ಮಸಿಗಳ ಹರವಿಗೆ ಮೇರೆಯುಂಟು. ಫೋನಿನ ತೆರೆಯ ಮೇಲೆ ಹೊಳೆವ ಹಸುರೂ ಕಿತ್ತಳೆಯೂ ಕಾಗದದ ಮೇಲೆ ಮಂಕಾಗುವುದನ್ನು ಲಗ್ನಪತ್ರಿಕೆ ಮಾಡಿಸಿದವರೆಲ್ಲ ಬಲ್ಲರು. ಚಿನ್ನದ ಹೊಳಪಂತೂ ಈ ಲೆಕ್ಕಕ್ಕೆ ಬಾರದು. ಅದು ಬಣ್ಣಕ್ಕಿಂತ ಹೆಚ್ಚಾಗಿ ಬೆಳಕು ಜಾರುವ ರೀತಿ. ಅದಕ್ಕೆ ಲೋಹದ ಪುಡಿಯ ಮಸಿ ಅಥವಾ ಹಾಳೆಯೇ ಬೇಕು.

ಈ ಮೇರೆಯನ್ನೇ ರಕ್ಷಣೆಯಾಗಿ ಬಳಸಿಕೊಂಡಿರುವುದು ನೋಟಿನ ಮುದ್ರಣ. ಮೈಸೂರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿಗೆ ಸೇರಿದ ನೋಟು ಮುದ್ರಣ ಸಂಸ್ಥೆಯ ಮುದ್ರಣಾಲಯವಿದೆ. ನೋಟಿನ ಮಸಿಯನ್ನು ನಾಡಿನಲ್ಲಿಯೇ ತಯಾರಿಸುವ ‘ವರ್ಣಿಕಾ’ ಎಂಬ ಘಟಕವೂ ಅಲ್ಲಿಯೇ 2022ರಲ್ಲಿ ಲೋಕಾರ್ಪಣೆಗೊಂಡಿತು. ಕ್ಯಾಲೆಂಡರಿನಂತೆ ನಾಲ್ಕು ಮಸಿಯ ಚುಕ್ಕೆಗಳಿಂದ ನೋಟಿನ ಬಣ್ಣ ಹುಟ್ಟುವುದಿಲ್ಲ. ಬೇಕಾದ ಬಣ್ಣದ ಮಸಿಯನ್ನೇ ತಯಾರಿಸಿ, ಮುರಿಯದ ಸೂಕ್ಷ್ಮ ಗೆರೆಗಳಲ್ಲಿ ಅಚ್ಚು ಹಾಕುವರು. ಕೆಲವು ಭಾಗಗಳು ಬೆರಳಿಗೆ ಉಬ್ಬಾಗಿ ತಾಗುವುವು. 500 ರೂಪಾಯಿಯ ನೋಟನ್ನು ಓರೆಮಾಡಿದರೆ ಅದರ ಭದ್ರತಾ ದಾರ ಹಸುರಿನಿಂದ ನೀಲಿಗೆ ತಿರುಗುವುದು. ಸಾಮಾನ್ಯ ಬಣ್ಣದ ಮುದ್ರಕದಲ್ಲಿ ಇದನ್ನು ನಕಲಿಸಹೊರಟವನ ಗೆರೆಗಳು ಭೂತಗನ್ನಡಿಯ ಕೆಳಗೆ ಚುಕ್ಕೆಗಳಾಗಿ ಒಡೆದು ಗುಟ್ಟು ಬಿಟ್ಟುಕೊಡುವುವು. ಚುಕ್ಕೆಯು ಕಣ್ಣನ್ನು ಒಪ್ಪಿಸಬಲ್ಲದು, ಗಾಜನ್ನು ಒಪ್ಪಿಸಲಾರದು.

ಸಾಕ್ಷಿಯಾಗಿ ಬಣ್ಣ

ಈಗ ರೈತರ ಮಕ್ಕಳಾದ ನಮಗೆ ಹೆಚ್ಚು ಹತ್ತಿರವಾದ ಮಾತಿಗೆ ಬರೋಣ. ಬೆಳೆಗೆ ಸಾರಜನಕ ಸಾಲದಾದರೆ ಎಲೆಯ ಹಸುರು ತಿಳಿಯಾಗುವುದು. ಎಷ್ಟು ತಿಳಿಯಾದಾಗ ಯೂರಿಯಾ ಕೊಡಬೇಕೆಂಬುದನ್ನು ಅಳೆಯಲು ‘ಎಲೆ ಬಣ್ಣದ ಪಟ್ಟಿ’ ಎಂಬ ಸಾಧನವುಂಟು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಭತ್ತಕ್ಕಾಗಿ ಪ್ರಚಾರಕ್ಕೆ ತಂದ ಇದನ್ನು ಮೆಕ್ಕೆಜೋಳಕ್ಕೂ ಬಳಸುವುದುಂಟು. ಹಳದಿ ಬೆರೆತ ತಿಳಿಹಸುರಿನಿಂದ ಕಡುಹಸುರಿನವರೆಗೆ ಕೆಲವೇ ಮನೆಗಳಿರುವ ಪ್ಲಾಸ್ಟಿಕ್ ಪಟ್ಟಿ ಅದು. ಪೂರ್ಣವಾಗಿ ಬಿಚ್ಚಿದ ಮೇಲಿನ ಎಲೆಯನ್ನು ಅದರ ಮೇಲಿಟ್ಟು, ನೇರ ಬಿಸಿಲು ಬೀಳದಂತೆ ಮೈಯ ನೆರಳಿನಲ್ಲಿ ಹಿಡಿದು ಹೋಲಿಸಬೇಕು.

ಇದನ್ನು ಯಾರಾದರೂ ಫೋನಿನಲ್ಲಿ ಚಿತ್ರ ತೆಗೆದು ಬಣ್ಣದ ನಕಲು ಮಾಡಿಸಿ ಹಂಚಿದರೆ ಏನಾಗುವುದು? ನಕಲಿನ ಹಸುರು ಸಯಾನ್ ಮತ್ತು ಹಳದಿಯ ಚುಕ್ಕೆಗಳ ಲೆಕ್ಕ. ಆ ಯಂತ್ರದಲ್ಲಿ ಹಳದಿ ತುಸು ಕಡಿಮೆಯಾಗಿದ್ದರೆ, ಕಾಗದ ತುಸು ಕಂದಾಗಿದ್ದರೆ, ಮನೆಗಳೆಲ್ಲ ಒಂದೊಂದು ಹೆಜ್ಜೆ ಸರಿಯುವುವು. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಎಲೆಯ ಹಸುರೂ ಮಸಿಯ ಹಸುರೂ ಬೇರೆ ಬೇರೆ ಬಗೆಯಲ್ಲಿ ಬೆಳಕನ್ನು ಹೀರುವಂಥವು. ಕಣ್ಣಿನ ಮೂರು ಪ್ರಶ್ನೆಗಳಿಗೆ ಒಂದು ಬೆಳಕಿನಲ್ಲಿ ಅವು ಒಂದೇ ಉತ್ತರ ಕೊಟ್ಟರೂ ಇನ್ನೊಂದು ಬೆಳಕಿನಲ್ಲಿ ಬೇರೆ ಉತ್ತರ ಕೊಡಬಹುದು. ಅಂಗಡಿಯ ದೀಪದ ಕೆಳಗೆ ಸೀರೆಗೆ ಒಪ್ಪಿದ ಕುಪ್ಪಸದ ಬಟ್ಟೆ ಹೊರಗೆ ಬಿಸಿಲಿಗೆ ತಂದಾಗ ಒಪ್ಪದಿರುವುದು ಈ ಕಾರಣದಿಂದಲೇ. ಸೀರೆಯಂಗಡಿಯಲ್ಲಿ ಇದು ಒಂದು ಸಣ್ಣ ಬೇಸರ; ಮಳೆಯನ್ನೇ ನೆಚ್ಚಿದ ಹೊಲದಲ್ಲಿ ಒಂದು ಚೀಲ ಗೊಬ್ಬರದ ಪ್ರಶ್ನೆ. ಆದುದರಿಂದ ಅಂಥ ಪಟ್ಟಿಯ ನಕಲನ್ನು ನೆಚ್ಚದೆ ಮೂಲವನ್ನೇ ಬಳಸಬೇಕು. ಕರಪತ್ರದ ಚಿತ್ರವನ್ನು ನೋಡಿ ಎಲೆಯ ರೋಗವನ್ನು ಗುರುತಿಸುವಾಗಲೂ ಬಣ್ಣಕ್ಕಿಂತ ಕಲೆಯ ಆಕಾರ, ಅಂಚು, ಅದು ಎಲೆಯ ಯಾವ ಭಾಗದಲ್ಲಿ ಮೊದಲು ಕಾಣಿಸಿತೆಂಬುದು ಇವುಗಳಿಗೆ ಹೆಚ್ಚು ಬೆಲೆ ಕೊಡುವುದು ಲೇಸು. ಅಚ್ಚಿನ ಚಿತ್ರವು ಆಕಾರಕ್ಕೆ ಒಳ್ಳೆಯ ಸಾಕ್ಷಿ. ಬಣ್ಣಕ್ಕೆ ಸಾಧಾರಣ ಸಾಕ್ಷಿ.

ಇದರಿಂದ ಬಣ್ಣದ ಅಚ್ಚಿನ ಹಿರಿಮೆಗೆ ಕುಂದಿಲ್ಲ. ಕಣ್ಣು ಎಷ್ಟನ್ನು ಕೇಳುವುದೋ ಅಷ್ಟನ್ನೇ ಅಳೆದು ಕೊಟ್ಟು, ಅಗ್ಗದ ಕಾಗದದ ಮೇಲೆ ಅರಮನೆಯ ಚಿತ್ರವನ್ನು ಬಡವರ ಮನೆಗೆ ತಂದ ವಿದ್ಯೆ ಇದು. ಆದರೆ ವಿದ್ಯಾವಂತರೆನಿಸಿಕೊಂಡವರು ಚಿತ್ರವನ್ನು ನೋಡಿ ಆನಂದಿಸುವುದರ ಜೊತೆಗೆ, ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನೂ ಅರಿತಿರಬೇಕು. ಹತ್ತಾರು ರೂಪಾಯಿಗೆ ಸಿಕ್ಕುವ ಒಂದು ಭೂತಗನ್ನಡಿಯನ್ನು ಕೊಂಡು, ಮನೆಯ ಕ್ಯಾಲೆಂಡರು, ಬೀಜದ ಚೀಲ, ದಿನಪತ್ರಿಕೆ, ನೋಟು ಈ ನಾಲ್ಕನ್ನೂ ಹಗಲು ಬೆಳಕಿನಲ್ಲಿ ಒಂದಾದ ಮೇಲೊಂದು ನೋಡಬೇಕೆಂದು ವಾಚಕ ಮಿತ್ರರಲ್ಲಿ ನನ್ನ ಬಿನ್ನಹ. ಈ ಲೇಖನದಲ್ಲಿ ಹೇಳಿದುದೆಲ್ಲವೂ ಅಲ್ಲಿ ಬರೆದಿದೆ.